ಕೊಳವೆ ಅತ್ತೆಯ ಕೆಂಪು ನೀರು

ಏಯ್, ಮೂರನೇ ಮಹಡಿ ಬಾಲ್ಕನಿ! ಬಟ್ಟೆ ಒಣಗಾಕೋದು ಆಮೇಲೆ, ಈ ಕಡೆ ಬನ್ನಿ! ಸೈಕಲ್ ಅಂಗಡಿ ಅಣ್ಣಾ, ಆ ಪಂಪು ಹೊಡೆಯೋದು ಒಂಚೂರು ನಿಲ್ಸಿ! ಕೊಳವೆ ಅತ್ತೆ ನಿನ್ನೆ ಏನ್ ಮಾಡಿದ್ರು ಗೊತ್ತಾ? ಗೊತ್ತಿಲ್ವಾ? ಹಂಗಾದ್ರೆ ಕೂತ್ಕೊಳ್ಳಿ. ನಿಂತ್ಕೊಂಡು ಕೇಳಿದ್ರೆ ನಕ್ಕು ಬಿದ್ದು ಮೊಣಕಾಲು ಕೆತ್ಕೊಳ್ತೀರ, ಆಮೇಲೆ ನನ್ನನ್ನ ಬೈತೀರ.

ಹೊಸದಾಗಿ ಬಂದೋರಿಗೆ ಒಂದು ಮಾತು. ಕೊಳವೆ ಅತ್ತೆ ಅಂದ್ರೆ ಗ್ಯಾಸ್ ಕಂಪನಿಯಲ್ಲಿ ಲೈನ್ ಪರೀಕ್ಷೆ ಮಾಡೋರು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಯಾವ ಕಟ್ಟಡಕ್ಕೆ ಹೊಸ ಪೈಪ್ ಎಳೆದ್ರೂ ಅತ್ತೆ ಬಂದು ನೋಡಿ ‘ಹೂಂ’ ಅನ್ನೋವರೆಗೂ ಅಲ್ಲಿ ಒಂದು ಒಲೆ ಹಚ್ಚೋ ಹಂಗಿಲ್ಲ. ದೊಡ್ಡ ದೊಡ್ಡ ಹೋಟೆಲ್ ಮಾಲೀಕರೂ ಆ ಒಂದು ‘ಹೂಂ’ಗೋಸ್ಕರ ಬಾಗಿಲಲ್ಲಿ ಬಾಯಿ ಬಿಟ್ಕೊಂಡು ಕಾದಿದ್ದಾರೆ.

ಅತ್ತೆಯ ಆಯುಧ ಮ್ಯಾನೋಮೀಟರ್. ಹೆಸರು ಕೇಳಿ ಹೆದರ್ಕೋಬೇಡಿ. ಅತ್ತೆಯ ಭುಜದಷ್ಟು ಎತ್ತರದ ಒಂದು ಮರದ ಹಲಗೆ. ಅದರ ಮೇಲೆ ತಲೆಗೆ ಸಿಕ್ಕಿಸೋ ಹೇರ್‌ಪಿನ್ ಥರ ಬಗ್ಗಿಸಿದ ಗಾಜಿನ ಕೊಳವೆ, ಎರಡು ತೋಳು ಮೇಲಕ್ಕೆ, ಬಗ್ಗಿದ್ದು ಕೆಳಕ್ಕೆ. ಒಳಗೆ ಅರ್ಧದವರೆಗೆ ನೀರು, ಕಣ್ಣಿಗೆ ಚೆನ್ನಾಗಿ ಕಾಣ್ಲಿ ಅಂತ ಎರಡು ಹನಿ ಕೆಂಪು ಶಾಯಿ. ನಡುವೆ ಅಳತೆಪಟ್ಟಿ. ಒಂದು ತೋಳಿಗೆ ರಬ್ಬರ್ ಪೈಪ್ ಸಿಕ್ಕಿಸಿ ಗ್ಯಾಸ್ ಲೈನಿಗೆ ಜೋಡಿಸ್ತಾರೆ, ಇನ್ನೊಂದು ತೋಳು ಗಾಳಿಗೆ ಬಾಯಿ ತೆರ್ಕೊಂಡಿರತ್ತೆ. ಲೈನಿನ ಒತ್ತಡ ಈ ಕಡೆ ನೀರನ್ನ ಕೆಳಕ್ಕೆ ತಳ್ಳಿದ್ರೆ ಆ ಕಡೆ ನೀರು ಮೇಲಕ್ಕೇಳತ್ತೆ. ಎರಡರ ನಡುವೆ ಎಷ್ಟು ಸೆಂಟಿಮೀಟರ್ ಅಂತರವೋ ಅಷ್ಟು ಒತ್ತಡ. ಲೈನ್ ಸೋರ್ತಿದೆಯಾ ನೋಡ್ಬೇಕಾ? ಗ್ಯಾಸ್ ಬಿಡೋಕೆ ಮುಂಚೆ ಲೈನಿಗೆ ಬರೀ ಗಾಳಿ ತುಂಬಿ, ನೀರನ್ನ ಮೂವತ್ತಕ್ಕೆ ಏರ್ಸಿ, ಹದಿನೈದು ನಿಮಿಷ ಬಾಯಿ ಮುಚ್ಕೊಂಡು ನೋಡ್ಬೇಕು. ನೀರು ಅಲ್ಲಾಡ್ಲಿಲ್ವಾ, ಲೈನ್ ಗಟ್ಟಿ. ಇಳೀತಾ, ಎಲ್ಲೋ ತೂತಿದೆ ಅಂತ ಅರ್ಥ.

ಈ ಹಲಗೆಯನ್ನ ಬೆನ್ನಿಗೆ ಕಟ್ಕೊಂಡು ಅತ್ತೆ ಬೀದೀಲಿ ನಡೆದ್ರೆ ಯಾವುದೋ ಯುದ್ಧಕ್ಕೆ ಹೊರಟ ಹಂಗಿರತ್ತೆ. ‘ಕೊಳವೆ ಅತ್ತೆ’ ಅನ್ನೋ ಹೆಸರು ಬಂದಿದ್ದೂ ಹಂಗೇ. ಅವರ ನಿಜವಾದ ಹೆಸರು ಅವರ ಯಜಮಾನ್ರಿಗಾದ್ರೂ ನೆನಪಿದೆಯೋ ಇಲ್ವೋ, ಅನುಮಾನ.

ಯಜಮಾನ್ರು ಅಂದ್ರೆ ನಮ್ಮ ದರ್ಜಿ ಮಾವ. ಮನೆ ಮುಂದಿನ ರೂಮಲ್ಲೇ ಹೊಲಿಗೆ ಮೆಷಿನ್ ಇಟ್ಕೊಂಡಿದ್ದಾರಲ್ಲ, ಕನ್ನಡಕ ಮೂಗಿನ ತುದೀಲಿ, ಬಾಯಲ್ಲಿ ಸದಾ ಎರಡು ಗುಂಡುಸೂಜಿ, ಅವರೇ. ಆ ಮನೇಲಿ ಒಂದು ಪದ್ಧತಿ ಇದೆ, ಬೇರೆ ಯಾವ ಮನೇಲೂ ಇಲ್ಲ. ರಾತ್ರಿ ಊಟ ಆದ್ಮೇಲೆ ಪಾತ್ರೆ ಯಾರು ತೊಳೀಬೇಕು ಅನ್ನೋದನ್ನ ಮ್ಯಾನೋಮೀಟರ್ ತೀರ್ಮಾನ ಮಾಡತ್ತೆ. ಲೈನಿಗೆ ಹಾಕೋ ಪೈಪಿನ ತುದಿಯನ್ನ ಚೆನ್ನಾಗಿ ಒರೆಸಿ, ಬಾಯಿಗಿಟ್ಕೊಂಡು ಊದ್ಬೇಕು. ನೀರು ಎಲ್ಲಿಗೆ ಏರತ್ತೋ ಅಲ್ಲೇ ಹತ್ತು ಎಣಿಸೋವರೆಗೆ ನಿಲ್ಸಬೇಕು. ಯಾರ ನೀರು ಕೆಳಗೋ ಅವರ ಕೈ ಸೋಪು.

ಹತ್ತೊಂಬತ್ತು ವರ್ಷದಿಂದ ಮಾವ ಸೋಲ್ತಾನೇ ಬಂದಿದ್ದಾರೆ. ಪಾಪ, ಎದೆ ಉಬ್ಬಿಸಿ, ಕಣ್ಣು ಕೆಂಪು ಮಾಡ್ಕೊಂಡು, ಪುಪ್ಪುಸದಿಂದ ಊದ್ತಾರೆ. ಅರವತ್ತರ ಹತ್ರ ಬರೋವಾಗ ಕೆಮ್ಮಿ ಕೂತ್ಕೊಳ್ತಾರೆ. ಅತ್ತೆಗೆ ಒಂದು ಗುಟ್ಟು ಗೊತ್ತು. ಕೊಳವೆ ಎಷ್ಟು ಗಾಳಿ ಬಂತು ಅಂತ ಕೇಳಲ್ಲ, ಎಷ್ಟು ಒತ್ತಿದ್ರಿ ಅಂತ ಮಾತ್ರ ಕೇಳತ್ತೆ. ಅತ್ತೆ ಕೆನ್ನೆ ತುಂಬ ಗಾಳಿ ಹಿಡಿದು, ಕೆನ್ನೆಯಿಂದಲೇ ಒತ್ತಿ, ನಾಲಿಗೆ ತುದೀಲಿ ಪೈಪಿನ ಬಾಯಿ ಮುಚ್ಚಿಬಿಡ್ತಾರೆ. ನೀರು ಎಂಬತ್ತರ ಮೇಲೆ ಹೋಗಿ ಕಲ್ಲಿನ ಹಂಗೆ ನಿಲ್ಲತ್ತೆ. ಆಮೇಲೆ ಅತ್ತೆ ಮೂಗಲ್ಲಿ ಆರಾಮಾಗಿ ಉಸಿರಾಡ್ತಾ ಮಾವನ ಮುಖ ನೋಡ್ತಾ ನಿಂತಿರ್ತಾರೆ. ‘ಇವಳ ಎದೇಲಿ ಕಮ್ಮಾರನ ತಿದಿ ಇದೆ’ ಅಂತ ಮಾವ ಇವತ್ತಿಗೂ ಊರೆಲ್ಲ ಹೇಳ್ಕೊಂಡು ತಿರುಗ್ತಾರೆ.

ಹಂಗಿದ್ದ ಅತ್ತೆ ಮೊನ್ನೆ ರಾತ್ರಿ ಸೋತರು!

ಊದಿದ್ರು, ನೀರು ಎಂಬತ್ತೆರಡಕ್ಕೆ ಏರ್ತು. ನಾಲಿಗೆ ಮುಚ್ಚಿದ್ರು. ಮಾವ ಎಣಿಸೋಕೆ ಶುರು ಮಾಡಿದ್ರು. ನಾಲ್ಕು ಅನ್ನೋವಾಗ ಎಪ್ಪತ್ತು, ಏಳು ಅನ್ನೋವಾಗ ಐವತ್ತೈದು, ಹತ್ತಕ್ಕೆ ನಲವತ್ತೊಂದು. ಅತ್ತೆ ಕಣ್ಣು ಕಣ್ಣು ಬಿಟ್ರು. ಆಮೇಲೆ ಮಾವನ ಸರದಿ. ಮಾವ ಯಾವತ್ತೂ ಇಲ್ಲದ ಹಂಗೆ ಪೈಪನ್ನ ಕೊಳಲು ಹಿಡಿಯೋ ಥರ ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳು ಅದುಮಿ, ಊದಿದ್ರು. ಐವತ್ತೆಂಟು. ಹತ್ತು ಎಣಿಸಿದ್ರೂ ಐವತ್ತೆಂಟೇ.

“ಗೆದ್ದೆ! ಗೆದ್ದೆ ಕಣೇ!” ಮಾವ ತಮ್ಮ ದರ್ಜಿ ಟೇಪನ್ನ ಹಾರದ ಥರ ಕತ್ತಿಗೆ ಹಾಕ್ಕೊಂಡು ರೂಮ್ ತುಂಬ ಕುಣಿದ್ರು.

“ಏನೋ ಆಗಿದೆ ರೀ ಇವತ್ತು. ಇನ್ನೊಂದ್ಸಲ ಊದೋಣ.”

“ಏನೂ ಆಗಿಲ್ಲ, ವಯಸ್ಸಾಗಿದೆ ಅಷ್ಟೇ. ಐವತ್ನಾಲ್ಕು ಅಂದ್ರೆ ತಮಾಷೆನಾ? ಉಸಿರು ನಿಲ್ಲಲ್ಲ. ಹೋಗು, ಆ ಬಾಣಲೆ ತಳ ಚೆನ್ನಾಗಿ ಉಜ್ಜು.”

ಅತ್ತೆ ಬಾಣಲೆ ಉಜ್ಜಿದ್ರು. ಬಾಣಲೆ ಹೊಳೀತು, ಮುಖ ಕಪ್ಪಿಟ್ಟಿತು. ವಯಸ್ಸಾಯ್ತಾ? ಉಸಿರು ನಿಲ್ತಾ ಇಲ್ವಾ? ಬೇರೆ ದಿನ ಆಗಿದ್ರೆ ನಕ್ಕು ಸುಮ್ನಾಗ್ತಿದ್ರು. ಆದ್ರೆ ಮಾರನೇ ದಿನ, ಅಂದ್ರೆ ನಿನ್ನೆ, ಅವರ ಕೆಲಸದ ಹಣೆಬರಹ ತೀರ್ಮಾನ ಆಗೋದಿತ್ತು.

ಏನಾಗಿತ್ತಂದ್ರೆ, ಕಂಪನಿಗೆ ಹೊಸ ಮೇಲಧಿಕಾರಿ ಬಂದಿದ್ದಾರೆ. ಊಟಕ್ಕೆ ಕೂತ್ರೂ ಹೆಲ್ಮೆಟ್ ತೆಗೆಯಲ್ಲ, ಅದಕ್ಕೇ ಎಲ್ರೂ ಅವರನ್ನ ಹೆಲ್ಮೆಟ್ ಸಾಹೇಬ್ರು ಅಂತಾರೆ. ಒಳ್ಳೆ ಹುಡುಗ, ಆದ್ರೆ ನಿಯಮ ಅಂದ್ರೆ ನಿಯಮ. ಬಂದ ವಾರದಲ್ಲೇ ಅಂಗೈ ಅಗಲದ ಡಿಜಿಟಲ್ ಡಬ್ಬಿಗಳನ್ನ ತರಿಸಿದ್ರು. ಇನ್ಮೇಲೆ ಗಾಜು ಬೇಡ, ನೀರು ಬೇಡ, ಡಬ್ಬಿ ಜೋಡ್ಸಿ, ನಂಬರ್ ಓದಿ ಅಂದ್ರು. ಎಲ್ರೂ ತಗೊಂಡ್ರು. ಅತ್ತೆ ಒಬ್ರೇ ಕೈ ಕಟ್ಕೊಂಡು ನಿಂತ್ರು.

“ಸಾಹೇಬ್ರೇ, ನೀರಿಗೆ ಸುಳ್ಳು ಹೇಳೋಕೆ ಬರಲ್ಲ. ಈ ಡಬ್ಬಿ ವಿಷಯ ನನಗೆ ಗೊತ್ತಿಲ್ಲ.”

“ಹಂಗಾದ್ರೆ ಪಂದ್ಯ ಅಮ್ಮಾ,” ಅಂದ್ರು ಸಾಹೇಬ್ರು, ಎಲ್ರ ಮುಂದೆ. “ಒಂದೇ ಲೈನು, ಎರಡೂ ಹಾಕಿ ನೋಡೋಣ. ಎರಡಕ್ಕೂ ಜಗಳ ಬಂದು ನಿಮ್ಮ ಕೊಳವೆ ಹೇಳಿದ್ದು ಸರಿ ಅಂತಾದ್ರೆ, ನೀವಿರೋವರೆಗೂ ಕೊಳವೆ ಇರ್ಲಿ. ಡಬ್ಬಿ ಸರಿ ಅಂತಾದ್ರೆ ಕೊಳವೆ ಸ್ಟೋರಿಗೆ, ಒಡೆದು ಹಾಕ್ತಾರೆ. ನೀವೂ ಸ್ಟೋರಿಗೆ, ವಾಷರ್ ಎಣಿಸಿ ಕೊಡೋ ಕೆಲಸ.”

ವಾಷರ್ ಎಣಿಸೋದು! ಊರಿನ ಅಡುಗೆಮನೆಗಳನ್ನೆಲ್ಲ ಅಂಗೈ ಗೆರೆ ಹಂಗೆ ಬಲ್ಲ ಅತ್ತೆ ಕಿಟಕಿಯಿಲ್ಲದ ರೂಮಲ್ಲಿ ಕೂತು ವಾಷರ್ ಎಣಿಸೋದು! “ಸರಿ” ಅಂದುಬಿಟ್ರು. ಹಟ ಅಂದ್ರೆ ಹಟ.

ಪಂದ್ಯದ ಜಾಗ ನಮ್ಮ ಲಾಂಡ್ರಿ ಅಕ್ಕನ ಐದು ಮಹಡಿ ಕಟ್ಟಡ. ಕೆಳಗಡೆ ಲಾಂಡ್ರಿ, ಮೇಲೆಲ್ಲ ಮನೆಗಳು. ಹಳೇ ಲೈನ್ ಕಿತ್ತು ಹೊಸದು ಹಾಕಿ ಮುಗಿಸಿದ್ರು. ಲಾಂಡ್ರಿ ಅಕ್ಕನ ಬಾಯ್ಲರ್ ಎರಡು ದಿನದಿಂದ ತಣ್ಣಗೆ ಕೂತಿತ್ತು. ಆಸ್ಪತ್ರೆಯ ಮುನ್ನೂರು ಬೆಡ್‌ಶೀಟು ಮೂಟೆ ಮೂಟೆ ಬಿದ್ದಿತ್ತು, ಮಾರನೇ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆ ಗಾಡಿ ಬರೋದು. ಅಕ್ಕ ಬಾಗಿಲಲ್ಲೇ ಅತ್ತೆ ಕೈ ಹಿಡ್ಕೊಂಡ್ರು.

“ಅತ್ತೇ, ಬೇಗ ಒಂದು ‘ಹೂಂ’ ಅನ್ನಿ. ಆ ಶೀಟುಗಳ ವಾಸನೆಗೆ ನನ್ನ ಮೂಗು ಕೆಲಸ ಬಿಟ್ಟಿದೆ.”

“ಕೊಳವೆ ‘ಹೂಂ’ ಅಂದ್ರೆ ನಾನೂ ‘ಹೂಂ’ ಅಂತೀನಿ, ಸುಮ್ನಿರು.”

ಮೊದಲು ಡಬ್ಬಿ. ಸಾಹೇಬ್ರು ಬಾಯ್ಲರ್ ಪಕ್ಕದ ಕವಲು ನಲ್ಲಿಗೆ ಜೋಡ್ಸಿದ್ರು, ಗಾಳಿ ತುಂಬಿದ್ರು. ಮೂವತ್ತು. ಹದಿನೈದು ನಿಮಿಷ ಆದ್ಮೇಲೂ ಮೂವತ್ತು. ಸಾಹೇಬ್ರ ಹಲ್ಲೆಲ್ಲ ಕಾಣಿಸ್ತು. ಡಬ್ಬಿ ಬಿಚ್ಚಿದ್ರು.

ಆಮೇಲೆ ಅತ್ತೆ. ಇಲ್ಲಿ ಕಿವಿ ಕೊಟ್ಟು ಕೇಳಿ. ಅತ್ತೆಯದ್ದೇ ಒಂದು ನಿಯಮ ಇದೆ, ಕಂಪನಿಗೆ ಸೇರಿದವರಿಗೆಲ್ಲ ಮೊದಲ ದಿನ ಅದನ್ನೇ ಹೇಳ್ಕೊಡ್ತಾರೆ. ಲೈನಿಗೆ ಜೋಡಿಸೋ ಮುಂಚೆ ನಿನ್ನ ಪೈಪಿನ ತುದಿ ಬೆರಳಲ್ಲಿ ಮುಚ್ಚು, ನೀರು ಏರ್ಸು, ಇಪ್ಪತ್ತು ಎಣಿಸು. ಮೊದಲು ನಿಂದು ಗಟ್ಟಿ ಇದೆಯಾ ನೋಡು, ಆಮೇಲೆ ಇನ್ನೊಬ್ಬರದು. ಇಪ್ಪತ್ತಾರು ವರ್ಷ ಒಂದು ದಿನ ತಪ್ಪಿಸಿಲ್ಲ. ನಿನ್ನೆ ಸಾಹೇಬ್ರ ಹಲ್ಲು ನೋಡಿ ಮೈಯೆಲ್ಲ ಉರೀತಿತ್ತು, ತಲೇಲಿ ‘ವಯಸ್ಸಾಗಿದೆ’ ಅನ್ನೋ ಮಾತು ಕೊರೀತಿತ್ತು. ಪೈಪ್ ತಗೊಂಡು ಸೀದಾ ನಲ್ಲಿಗೆ ಸಿಕ್ಕಿಸಿಬಿಟ್ರು.

ಗಾಳಿ ತುಂಬಿದ್ರು. ಕೆಂಪು ನೀರು ಮೂವತ್ತಕ್ಕೆ ನಿಂತ್ಕೊಳ್ತು. ಐದು ನಿಮಿಷಕ್ಕೆ ಇಪ್ಪತ್ತೊಂಬತ್ತು. ಹತ್ತಕ್ಕೆ ಇಪ್ಪತ್ತೆಂಟು. ಹದಿನೈದಕ್ಕೆ ಇಪ್ಪತ್ತೇಳು.

“ಸೋರ್ತಿದೆ,” ಅಂದ್ರು ಅತ್ತೆ. ಹಿಗ್ಗಿ ಹೀರೇಕಾಯಿ ಆಗಿದ್ರೂ ಮುಖ ಮಾತ್ರ ಶೋಕಸಭೆಗೆ ಬಂದೋರ ಥರ ಇಟ್ಕೊಂಡಿದ್ರು.

“ನಿಮ್ಮ ನೀರಿಗೆ ನಿದ್ದೆ ಬಂದಿದೆ ಅಮ್ಮಾ. ಡಬ್ಬಿ ಲೈನ್ ಸರಿಯಾಗಿದೆ ಅಂತಲ್ವಾ ಹೇಳಿದ್ದು?”

“ಹೌದಾ? ಎರಡನ್ನೂ ಒಟ್ಟಿಗೆ ಜೋಡ್ಸಿ. ಆಗ ನೋಡೋಣ, ಯಾರಿಗೆ ನಿದ್ದೆ ಬಂದಿದೆ ಅಂತ.”

ನಲ್ಲಿಗೆ ಕವಲು ಹಾಕಿ ಎರಡನ್ನೂ ಜೋಡ್ಸಿದ್ರು. ಮತ್ತೆ ಗಾಳಿ. ಕೊಳವೇಲಿ ಮೂವತ್ತು, ಡಬ್ಬೀಲೂ ಮೂವತ್ತು. ಒಂದು ನಿಮಿಷ. ಡಬ್ಬಿ ನಂಬರು ಕಣ್ಣು ಮಿಟುಕಿಸ್ತು, ಇಪ್ಪತ್ತೊಂಬತ್ತು ಚಿಲ್ಲರೆ. ಮತ್ತೆ ಇಳೀತು. ಮತ್ತೂ ಇಳೀತು. ಕೆಂಪು ನೀರೂ ನಂಬರೂ ಕೈ ಕೈ ಹಿಡ್ಕೊಂಡು ಮೆಟ್ಟಿಲಿಳಿಯೋ ಹಂಗೆ ಇಳೀತು.

ಸಾಹೇಬ್ರು ಇಂಗು ತಿಂದ ಮಂಗನ ಥರ ಆಗೋದ್ರು. ಡಬ್ಬಿ ಅಲ್ಲಾಡ್ಸಿದ್ರು, ಕಿವಿಗಿಟ್ಕೊಂಡ್ರು, ಬ್ಯಾಟರಿ ತೆಗೆದು ಹಾಕಿದ್ರು. “ಮೊದಲ ಸಲ ಯಾಕೆ ಹೇಳ್ಲಿಲ್ಲ ಇದು?”

“ಚಿಕ್ಕ ವಯಸ್ಸು ಸಾಹೇಬ್ರೇ, ಅನುಭವ ಸಾಲ್ದು,” ಅಂದ್ರು ಅತ್ತೆ. ಡಬ್ಬಿಗೆ ಹೇಳಿದ್ರೋ ಸಾಹೇಬ್ರಿಗೆ ಹೇಳಿದ್ರೋ, ಅದು ಅವರವರಿಗೆ ಬಿಟ್ಟಿದ್ದು.

ಆದ್ರೆ ಲೈನ್ ಇಳೀತು ಅಂದ್ರೆ ನಗು ನಿಂತುಹೋಗತ್ತೆ. ತೂತು ಸಿಗೋವರೆಗೂ ಗ್ಯಾಸ್ ಬಿಡೋ ಹಂಗಿಲ್ಲ. ನಾಲ್ಕು ಗಂಟೆ ಒಳಗೆ ಸಿಗ್ಲಿಲ್ಲ ಅಂದ್ರೆ ಲೈನ್ ಕತ್ತರಿಸಿ ತುಂಡು ತುಂಡಾಗಿ ನೋಡ್ಬೇಕು, ಮೂರು ದಿನ. ಲಾಂಡ್ರಿ ಅಕ್ಕ “ಮೂರು ದಿನಾನಾ?” ಅಂದೋರೇ ಬೆಡ್‌ಶೀಟ್ ಮೂಟೆ ಮೇಲೆ ಕುಸಿದು ಕೂತ್ರು.

ಸೋಪಿನ ನೀರು, ಬ್ರಷ್ಷು. ಒಂದೊಂದು ಜಾಯಿಂಟಿಗೂ ಬಳಿಯೋದು, ಗುಳ್ಳೆ ಬರತ್ತಾ ನೋಡೋದು. ಸಾಹೇಬ್ರು ತಾವೇ ಬಕೆಟ್ ಹಿಡ್ಕೊಂಡು ಮೆಟ್ಟಿಲು ಹತ್ತಿದ್ರು. ಅತ್ತೆ ಕೆಳಗಿಂದ ಕೂಗೋರು.

“ಮೂರನೇ ಮಹಡಿ ಅಡುಗೆಮನೆ ಹಿಂದೆ ಒಂದಿದೆ ಸಾಹೇಬ್ರೇ, ನೋಡಿದ್ರಾ?”

“ನೋಡ್ದೆ!”

“ಇನ್ನೊಂದ್ಸಲ ನೋಡಿ, ಅದು ಕಳ್ಳ ಜಾಯಿಂಟು!”

ಪಾಪ, ಮತ್ತೆ ಹತ್ತೋರು. ಐದು ಸಲ ಹತ್ತಿ ಇಳಿದ್ರು. ಮೂರನೇ ಮಹಡಿ ಅಜ್ಜಿ ಒಬ್ರು “ಯಾರಪ್ಪಾ ನೀನು, ನಮ್ಮನೆ ಗೋಡೆಗೆ ಕ್ಷೌರ ಮಾಡ್ತಿದ್ದೀಯ?” ಅಂತ ಕೇಳಿದ್ರಂತೆ. ಒಟ್ಟು ಮೂವತ್ತೆಂಟು ಜಾಯಿಂಟು. ಒಂದು ಗುಳ್ಳೆ ಇಲ್ಲ.

ಮೂರೂವರೆ ಆಯ್ತು. ಸಾಹೇಬ್ರು ಐದನೇ ಮಹಡೀಲಿದ್ರು, ಲಾಂಡ್ರಿ ಅಕ್ಕ ಅವರ ಹಿಂದೆ ಟಾರ್ಚ್ ಹಿಡ್ಕೊಂಡು. ಅತ್ತೆ ಒಬ್ರೇ ಬಾಯ್ಲರ್ ಹತ್ರ ನಿಂತು ಬೆರಳು ಮಡಚ್ತಿದ್ರು. ಎಲ್ಲಾ ಜಾಯಿಂಟು ಆಯ್ತು, ನಲ್ಲಿ ಆಯ್ತು, ಕವಲು ಆಯ್ತು. ಇನ್ನೇನು ಉಳೀತು? ಕೈ ತಾನೇ ಬ್ರಷ್ ಎತ್ಕೊಂಡು ತಮ್ಮದೇ ರಬ್ಬರ್ ಪೈಪಿಗೆ ಒಂದು ಸಲ ಸವರ್ತು.

ತುದಿಯಿಂದ ಒಂದು ಗೇಣು ದೂರದಲ್ಲಿ ಒಂದು ಗುಳ್ಳೆ ಕಣ್ಣು ಬಿಡ್ತು. ಸಾಸಿವೆ ಕಾಳಷ್ಟಿತ್ತು. ಆಮೇಲೆ ಬಟಾಣಿಯಷ್ಟಾಯ್ತು. ಟಪ್ ಅಂತು. ಅದರ ಹಿಂದೆ ಇನ್ನೊಂದು.

ಲೈನ್ ಸೋರ್ತಿಲ್ಲ, ಸೋರ್ತಿರೋದು ತಮ್ಮ ಪೈಪು! ಡಬ್ಬಿ ಒಂದೇ ಇದ್ದಾಗ ನಿಂತಿತ್ತು. ಈ ಪೈಪ್ ಜೋಡ್ಸಿದ ಮೇಲೆ ಲೈನಿನ ಗಾಳಿ ಇಲ್ಲಿಂದ ಹೋಗ್ತಿತ್ತು, ಡಬ್ಬಿಯೂ ಇಳೀತು. ಡಬ್ಬಿ ಎರಡು ಸಲವೂ ನಿಜಾನೇ ಹೇಳಿತ್ತು.

ಸೋಪು ಒರೆಸಿ, ಕನ್ನಡಕ ಹಾಕ್ಕೊಂಡು, ಹತ್ರ ತಂದು ನೋಡಿದ್ರು. ರಬ್ಬರ್ ಹಳೇದಾಗಿ ಬಿರುಕು ಬಿಟ್ರೆ ಗೀಟು ಗೀಟಾಗಿ ಬಿಡತ್ತೆ. ಇದು ಗೀಟಲ್ಲ. ಚುಕ್ಕಿ. ದುಂಡಗಿನ, ನೀಟಾದ, ಕುಶಲಕರ್ಮಿ ಹಾಕಿದ ಚುಕ್ಕಿ. ಅದರ ಮೇಲೆ ಹೆಬ್ಬೆರಳು ಇಟ್ರೆ ಮುಚ್ಚತ್ತೆ. ಪೈಪನ್ನ ಕೊಳಲಿನ ಥರ ಹಿಡಿದ್ರೆ ಹೆಬ್ಬೆರಳು ಸರಿಯಾಗಿ ಅಲ್ಲಿಗೇ ಬರತ್ತೆ.

ಹಿಂದಿನ ರಾತ್ರಿಯ ಮಾವನ ಕುಣಿತ, ಕತ್ತಿನಲ್ಲಿದ್ದ ಟೇಪು, ‘ಬಾಣಲೆ ತಳ ಚೆನ್ನಾಗಿ ಉಜ್ಜು’ ಅಂದಿದ್ದು, ಎಲ್ಲಾ ಕಣ್ಮುಂದೆ ಬಂತು.

“ಅಯ್ಯೋ ಕಳ್ಳ ಮುದುಕಾ!” ಅಂದ್ರು ಅತ್ತೆ ಖಾಲಿ ಲಾಂಡ್ರಿಗೆ. ಅಂದೋರೇ ನಗೋಕೆ ಶುರು ಮಾಡಿದ್ರು. ಉಸಿರು ಸರಿಯಾಗೇ ಇದೆ! ವಯಸ್ಸೂ ಇಲ್ಲ, ಗಿಯಸ್ಸೂ ಇಲ್ಲ! ಬಾಯ್ಲರ್ ಹಿಡ್ಕೊಂಡು ಹೊಟ್ಟೆ ಹುಣ್ಣಾಗೋ ಹಂಗೆ ನಕ್ಕರು. ಆಮೇಲೆ ಪಂದ್ಯ ನೆನಪಾಯ್ತು.

ಉಸಿರು ಗೆದ್ದಿತ್ತು, ಕೊಳವೆ ಸೋತಿತ್ತು. ಕೊಳವೆ ಒಡೆದು ಹಾಕ್ತಾರೆ. ನಾಳೆಯಿಂದ ವಾಷರ್.

ಇಲ್ಲಿ ಅತ್ತೆ ಏನ್ ಮಾಡಿದ್ರು ಅಂದ್ರೆ, ಅವರೇ ಹೇಳಿದ್ದು, ನಾನು ಸೇರಿಸಿಲ್ಲ. ಆ ಕಡೆ ಈ ಕಡೆ ನೋಡಿದ್ರು. ಯಾರೂ ಇಲ್ಲ. ಮೆಲ್ಲಗೆ ಹೆಬ್ಬೆರಳನ್ನ ತೂತಿನ ಮೇಲಿಟ್ರು. ಇನ್ನೊಂದು ಕೈಯಲ್ಲಿ ಗಾಳಿ ತುಂಬಿದ್ರು. ನೀರು ಮೂವತ್ತಕ್ಕೆ ಏರಿ ನಿಂತ್ಕೊಳ್ತು. ಡಬ್ಬಿಯೂ ಮೂವತ್ತು. ಎರಡೂ ಪಾಪದ ಹಸುಗಳ ಥರ ನಿಂತಿದ್ವು.

ಅಷ್ಟರಲ್ಲಿ ಸಾಹೇಬ್ರು, ಅವರ ಹಿಂದೆ ಲಾಂಡ್ರಿ ಅಕ್ಕ, ಇಳಿದು ಬಂದ್ರು. ಸಾಹೇಬ್ರ ಹೆಲ್ಮೆಟ್ ಒಳಗಿಂದ ಬೆವರು ಧಾರೆ ಧಾರೆ. ಡಬ್ಬಿ ನೋಡಿದ್ರು, ಕೊಳವೆ ನೋಡಿದ್ರು, ಅತ್ತೆ ಮುಖ ನೋಡಿದ್ರು.

“ನಿಂತಿದೆ! ಸಿಕ್ತಾ ಅಮ್ಮಾ? ಎಲ್ಲಿತ್ತು? ಈ ಮೊಣಕೈ ಜಾಯಿಂಟಾ? ನೀವು ಬಿಗಿ ಮಾಡಿದ್ರಾ?”

ಅತ್ತೆ ಹೆಬ್ಬೆರಳನ್ನ ಇನ್ನೊಂಚೂರು ಒತ್ತಿ ಹಿಡಿದ್ರು. ‘ಹೂಂ’ ಅನ್ನಲಿಲ್ಲ, ‘ಊಹೂಂ’ ಅನ್ನಲಿಲ್ಲ. ಸಾಹೇಬ್ರೇ ಸುಳ್ಳನ್ನ ಬಿಸಿ ಬಿಸಿಯಾಗಿ ಬಡಿಸಿದ್ರು, ಬಾಯಿ ತೆರೆದ್ರೆ ಸಾಕಿತ್ತು.

“ನಿಮ್ಮ ಕೊಳವೆ ಗೆದ್ದಿತು ಅಮ್ಮಾ,” ಸಾಹೇಬ್ರು ಜೇಬಿಂದ ಪುಸ್ತಕ ತೆಗೆದ್ರು. “ಆದ್ರೆ ಬಿಗಿ ಮಾಡಿದ್ರೆ ಆಗಲ್ಲ, ಸೋರಿದ ಜಾಯಿಂಟ್ ಕತ್ತರಿಸಿ ಹೊಸದು ಹಾಕ್ಬೇಕು. ಅಲ್ಲಿವರೆಗೆ ಬಾಯ್ಲರ್ ಬಂದ್. ಎರಡು ದಿನ.”

“ಎರಡು ದಿನ ಅಂದ್ರೆ ನಾಳೆ ಏಳಕ್ಕೆ ಆಸ್ಪತ್ರೆಯೋರಿಗೆ ಏನು ಕೊಡ್ಲಿ?” ಲಾಂಡ್ರಿ ಅಕ್ಕ ಕೇಳಿದ್ರು. ಜೋರಾಗಿ ಕೇಳಿದ್ದಿದ್ರೆ ಅತ್ತೆಗೆ ಏನೂ ಅನಿಸ್ತಿರಲಿಲ್ಲವೇನೋ. ತೀರಾ ಮೆತ್ತಗೆ ಕೇಳಿದ್ರು, ಟಾರ್ಚ್ ಆರಿಸೋದನ್ನೂ ಮರೆತು.

ಅತ್ತೆ ಹೆಬ್ಬೆರಳು ತೂತಿನ ಮೇಲೇ ಇತ್ತು. ಬೆವರಿತ್ತು. ಎಳೆದ್ರೆ ಅಂಟಿಕೊಂಡ ಹಂಗಿತ್ತು.

“ಲೇ, ಒಂದು ಬಕೆಟ್ ನೀರು ತಾ,” ಅಂದ್ರು ಅಕ್ಕನಿಗೆ.

“ಸೋಪಿಂದಾ ಅತ್ತೆ?”

“ಬರೀ ನೀರು. ತುಂಬ ತಾ.”

ಅಕ್ಕ ತಂದಿಟ್ರು. ಅತ್ತೆ ಪೈಪನ್ನ ನಲ್ಲಿಯಿಂದ ಬಿಚ್ಚಿ, ತುದಿ ಬೆರಳಲ್ಲಿ ಮುಚ್ಚಿ, ಗಾಳಿ ತುಂಬಿ, ಇಬ್ಬರ ಕಣ್ಣೆದುರು ಬಕೆಟ್ಟಲ್ಲಿ ಮುಳುಗಿಸಿ, ಹೆಬ್ಬೆರಳು ಎತ್ತಿಬಿಟ್ರು. ಬುಳು ಬುಳು ಬುಳು ಅಂತ ಗುಳ್ಳೆಗಳ ಸಾಲು ಎದ್ದು ಬಂತು.

“ಕಟ್ಟಡ ಗಟ್ಟಿ ಇದೆ ಸಾಹೇಬ್ರೇ. ಸೋರ್ತಿರೋದು ನಂದು.”

ಸಾಹೇಬ್ರು ಬಕೆಟ್ ಹತ್ರ ಬಗ್ಗಿದ್ರು. ಗುಳ್ಳೆ ನೋಡಿದ್ರು. ಮೆಟ್ಟಿಲು ನೋಡಿದ್ರು.

“ಐದು ಸಲ ಹತ್ತಿಸಿದ್ರಿ ನನ್ನ.”

“ಹೂಂ. ಐದರಲ್ಲಿ ಎರಡು ಸಲ ಬೇಕಂತಲೇ ಹತ್ತಿಸಿದ್ದು.”

ಮೊದಲು ನಕ್ಕಿದ್ದು ಲಾಂಡ್ರಿ ಅಕ್ಕ. ಮೂಟೆ ಮೇಲೆ ಬಿದ್ದು ನಕ್ಕರು. ಆಮೇಲೆ ಸಾಹೇಬ್ರು. ನಕ್ಕು ನಕ್ಕು ಹೆಲ್ಮೆಟ್ ತೆಗೆದುಬಿಟ್ರು. ತಲೇಲಿ ಸುತ್ತ ಒಂದು ಗೀಟು ಬಿದ್ದಿತ್ತು, ಮಡಕೆ ಮುಚ್ಚಳದ ಗುರುತಿನ ಥರ. ಕಂಪನಿಯೋರು ಯಾರೂ ಆ ತಲೆ ನೋಡಿದ್ದಿಲ್ಲ.

“ನಿಮ್ಮ ಡಬ್ಬಿ ಪೈಪೂ ಕೊಡಿ ಇಲ್ಲಿ,” ಅಂದ್ರು ಅತ್ತೆ. ಅದನ್ನೂ ಮುಳುಗಿಸಿ ನೋಡಿದ್ರು. ಒಂದು ಗುಳ್ಳೆ ಇಲ್ಲ. “ಥೂ, ಇದಕ್ಕಾದ್ರೂ ಒಂದು ತೂತು ಇರಬಾರದಿತ್ತಾ,” ಅಂತ ಗೊಣಗಿಕೊಂಡ್ರು.

ಸಾಹೇಬ್ರು ಪುಸ್ತಕ ತೆರೆದ್ರು. “ಕಾರಣ ಬರೀಬೇಕು. ಪೈಪ್ ಹೆಂಗೆ ತೂತಾಯ್ತು?”

“ಹೆಗ್ಗಣ ಕಚ್ಚಿತು.”

“ಹೆಗ್ಗಣ ಇಷ್ಟು ದುಂಡಗೆ ಕಚ್ಚತ್ತಾ?”

“ನಮ್ಮನೆಯದ್ದು ಕಚ್ಚತ್ತೆ. ಐದೂವರೆ ಅಡಿ ಇದೆ, ಕನ್ನಡಕ ಹಾಕತ್ತೆ.”

ಸಾಹೇಬ್ರಿಗೆ ಅರ್ಥ ಆಯ್ತೋ ಇಲ್ವೋ, ‘ಹೆಗ್ಗಣ’ ಅಂತ ಬರ್ಕೊಂಡ್ರು. ಅತ್ತೆ ಹಲಗೆಯನ್ನ ಒರೆಸಿ, ನೀರು ಚೆಲ್ಲದ ಹಂಗೆ ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದ್ರು.

“ಪಂದ್ಯ ಅಂದ್ರೆ ಪಂದ್ಯ. ತಗೊಳ್ಳಿ. ನಾಳೆ ಸ್ಟೋರಿಗೆ ಬರ್ತೀನಿ, ವಾಷರ್ ಎಲ್ಲಿದೆ ತೋರ್ಸಿ.”

ಸಾಹೇಬ್ರು ಹಲಗೆ ತಗೊಂಡ್ರು. “ಅಮ್ಮಾ, ಡಬ್ಬಿ ಮೂವತ್ತು ಅಂದ್ರೆ ನಮ್ಮೋರೆಲ್ಲ ಮೂವತ್ತು ಅಂತ ಬರ್ಕೊಂಡು ಬರ್ತಾರೆ. ನಾಳೆ ನನ್ನ ಪೈಪೇ ತೂತಾದ್ರೆ ಬಕೆಟ್ ತರ್ಸೋರು ಯಾರು? ಸ್ಟೋರಲ್ಲಿ ನಿಮ್ಮನ್ನ ಕೂರ್ಸಿದ್ರೆ ಒಂದೊಂದು ವಾಷರನ್ನೂ ಮುಳುಗಿಸ್ತಾ ಕೂರ್ತೀರ, ನನಗೆ ಅದು ಬೇಡ. ಡಬ್ಬಿ ತಗೊಳ್ಳಿ, ಕೆಲಸಕ್ಕೆ ಹೋಗಿ.”

“ಕೊಳವೆ?”

“ಪೈಪ್ ತೂತು ಅಂತ ಬರೆದಿದ್ದೀನಿ, ಪೈಪ್ ಸ್ಟೋರಿಗೆ. ಕೊಳವೆಗೆ ಏನೂ ಆಗಿಲ್ವಲ್ಲ. ಕೆಲಸದಿಂದ ಬಿಡುಗಡೆ. ಎಲ್ಲಿಗೆ ಹೋಯ್ತು ಅಂತ ನಾನು ಕೇಳಲ್ಲ, ನನ್ನ ಕಣ್ಣಿಗೆ ಬೀಳಬಾರದು ಅಷ್ಟೇ.”

ಅತ್ತೆ ಪೈಪ್ ಕೊಡೋ ಮುಂಚೆ ಕತ್ತರಿ ತಗೊಂಡು ತೂತಿರೋ ತುಂಡನ್ನ ಬೆರಳುದ್ದ ಕತ್ತರಿಸಿ ಜೇಬಿಗೆ ಹಾಕ್ಕೊಂಡ್ರು. ಸಾಹೇಬ್ರು ನೋಡಿಯೂ ನೋಡದ ಹಂಗಿದ್ರು.

ನಾಲ್ಕೂವರೆಗೆ ಗ್ಯಾಸ್ ಬಿಟ್ರು. ಬಾಯ್ಲರ್ ಭಗ್ ಅಂತ ಹತ್ಕೊಳ್ತು. ಅತ್ತೆ ಡಬ್ಬಿ ಜೋಡ್ಸಿ, ಅಭ್ಯಾಸಬಲದಿಂದ ಪಕ್ಕದ ಗೋಡೆ ಕಡೆ ನೋಡಿ, ಅಲ್ಲಿ ಕೆಂಪು ನೀರಿಲ್ಲ ಅಂತ ನೆನಪಾಗಿ, ಮತ್ತೆ ಡಬ್ಬಿ ಕಡೆ ತಿರುಗಿದ್ರು. ಇಪ್ಪತ್ತೊಂದು. ಗ್ಯಾಸಿನ ಒತ್ತಡ ಎಷ್ಟಿರ್ಬೇಕೋ ಅಷ್ಟೇ. “ಹೂಂ,” ಅಂದ್ರು. ಲಾಂಡ್ರಿ ಅಕ್ಕ ಆ ‘ಹೂಂ’ ಮುಗಿಯೋಕೆ ಮುಂಚೆನೇ ಮೊದಲ ಮೂಟೆ ಬಿಚ್ಚಿದ್ರು.

ಮನೆಗೆ ಬಂದ ಅತ್ತೆ ತುಟಿ ಎರಡು ಮಾಡ್ಲಿಲ್ಲ. ಹೊಸ ಪೈಪ್ ತಂದಿದ್ರು, ಹಲಗೆಗೆ ಜೋಡ್ಸಿ ಮೂಲೇಲಿಟ್ರು. ಊಟ ಆ‌ಯ್ತು. ಹಿಂದಿನ ರಾತ್ರಿ ಗೆದ್ದ ಶೂರ ತಾನೇ ಎದ್ದು ಹಲಗೆ ಎತ್ಕೊಂಡು ಬಂದ್ರು.

“ಬಾರೇ, ಸೋತೋರು ಮೊದಲು.”

ಅತ್ತೆ ಊದಿದ್ರು. ಎಂಬತ್ತಾರು. ಮಾವ ಎಣಿಸಿದ್ರು, ಮೂರಕ್ಕೆ ಕೊಳವೆ ನೋಡಿದ್ರು, ಆರಕ್ಕೆ ಕನ್ನಡಕ ಸರಿ ಮಾಡ್ಕೊಂಡ್ರು, ಹತ್ತು ಅನ್ನೋವಾಗ ದನಿ ಕಿವಿಗೆ ಬೀಳದಷ್ಟು ಸಣ್ಣದಾಗಿತ್ತು. ಎಂಬತ್ತಾರು ಎಂಬತ್ತಾರೇ. ಆಮೇಲೆ ಮಾವ ಪೈಪನ್ನ ಕೊಳಲಿನ ಥರ ಹಿಡಿದು, ತೂತು ಎಲ್ಲಿ ಎಲ್ಲಿ ಅಂತ ಹೆಬ್ಬೆರಳಲ್ಲಿ ತಡಕಾಡ್ತಾ ಊದಿದ್ರು. ಐವತ್ತಾರಕ್ಕೆ ಕೆಮ್ಮು ಬಂತು.

ಅತ್ತೆ ಜೇಬಿಂದ ಆ ರಬ್ಬರ್ ತುಂಡು ತೆಗೆದು ಮೇಜಿನ ಮೇಲಿಟ್ರು.

“ರೀ, ಇದು ಎಷ್ಟನೇ ನಂಬರ್ ಸೂಜಿ?”

ಮಾವ ದರ್ಜಿ ನೋಡಿ, ಕೆಲಸದ ಪ್ರಶ್ನೆ ಬಂದ್ರೆ ಉತ್ತರ ತಾನಾಗೇ ಬಂದುಬಿಡತ್ತೆ. ಬೆಳಕಿಗೆ ಹಿಡಿದು ನೋಡಿ, “ಹದಿನಾರು,” ಅಂದುಬಿಟ್ರು. ಅಂದ್ಮೇಲೆ ನಾಲಿಗೆ ಕಚ್ಕೊಂಡ್ರು.

ಅತ್ತೆ ಪೂರ್ತಿ ಕತೆ ಹೇಳಿದ್ರು, ಪಂದ್ಯ, ಮೆಟ್ಟಿಲು, ಬಕೆಟ್ಟು, ಹೆಗ್ಗಣ. ಪಂದ್ಯದ ವಿಷಯ ಮಾವನಿಗೆ ಗೊತ್ತೇ ಇರಲಿಲ್ಲ. ಮುಖ ಹುಳ್ಳಗಾಯ್ತು. “ನನ್ನ ಒಂದು ಸೂಜಿಯಿಂದ ನಿನ್ನ ಕೆಲಸ ಹೋಗ್ತಿತ್ತಲ್ಲೇ,” ಅಂದ್ರು. ಯಾರೂ ಹೇಳದೇ ತೋಳು ಮಡಚಿ ಪಾತ್ರೆ ಮುಂದೆ ನಿಂತ್ರು. ಅರ್ಧ ತೊಳೆದ ಮೇಲೆ, ಮೊಣಕೈವರೆಗೆ ನೊರೆ, ಈ ಕಡೆ ತಿರುಗಿದ್ರು.

“ನನ್ನ ಸೂಜಿ ಗುಟ್ಟೂ ಹೊರಗೆ ಬಂತು, ನಿನ್ನ ಪಂದ್ಯದ ಗುಟ್ಟೂ ಬಂತು. ಈಗಲಾದ್ರೂ ನಿಜ ಹೇಳೇ. ಅಷ್ಟು ಮೇಲೆ ಹೆಂಗೆ ಏರಿಸ್ತೀಯ?”

ಅತ್ತೆ ಕೆನ್ನೆ ಮುಟ್ಟಿ ನೋಡ್ಕೊಂಡ್ರು. ಸಾಹೇಬ್ರ ಮುಂದೆ ನಿಜ ಹೇಳಿ ಬಂದಿದ್ರು, ಒಂದು ದಿನಕ್ಕೆ ಅಷ್ಟು ಸಾಕು ಅನಿಸ್ತು.

“ಉಸಿರು ರೀ. ಎದೇಲಿ ತಿದಿ ಇದೆ ನಂಗೆ.”

ಮಾವ ತಲೆ ಅಲ್ಲಾಡಿಸ್ತಾ ಬಾಣಲೆ ತಳ ಉಜ್ಜೋಕೆ ತಿರುಗಿದ್ರು. ಅತ್ತೆ ಮುಂದಿನ ರೂಮಿಗೆ ಹೋಗಿ, ಹೊಲಿಗೆ ಮೆಷಿನ್ ಡ್ರಾಯರಿಂದ ಸೂಜಿ ಡಬ್ಬಿ ತೆಗೆದ್ರು. ಹೊಸ ಡಿಜಿಟಲ್ ಮೀಟರಿನ ಪೆಟ್ಟಿಗೇಲಿ, ಮೀಟರ್ ಪಕ್ಕದಲ್ಲಿ ಅದಕ್ಕೆ ಸರಿಯಾಗಿ ಜಾಗ ಇತ್ತು. ಇಟ್ಟು, ಬೀಗ ಹಾಕಿ, ಬೀಗದಕೈಯನ್ನ ದಿಂಬಿನ ಕೆಳಗಿಟ್ಕೊಂಡು ಮಲಗಿದ್ರು.